ಪ್ರವಾಸದಲ್ಲಿ ಮನೆಯ ನೆನಪು ಕಾಡಿದರೆ ಏನು ಮಾಡಬೇಕು?

ಆಸೆಪಟ್ಟು ಹೊರಟ ಪ್ರವಾಸದಲ್ಲೂ ಮನೆ ನೆನಪಾಗಿ ಅಳು ಬರುತ್ತದೆ ಎಂದಿದ್ದೀರಿ. ದಯವಿಟ್ಟು ನಾಚಿಕೊಳ್ಳಬೇಡಿ. 1688ರಲ್ಲೇ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದನ್ನು ಕಾಯಿಲೆ ಎಂದೇ ಬರೆದು ‘ನಾಸ್ಟಾಲ್ಜಿಯಾ’ ಎಂಬ ಹೆಸರು ಕೊಟ್ಟ. ಗ್ರೀಕ್‌ನಲ್ಲಿ ನಾಸ್ಟೋಸ್ ಅಂದರೆ ಮನೆಗೆ ಮರಳುವುದು, ಆಲ್ಗೋಸ್ ಅಂದರೆ ನೋವು. ಈಗ ಯಾರೂ ಇದನ್ನು ಕಾಯಿಲೆ ಅನ್ನುವುದಿಲ್ಲ.

ಯಾವಾಗ ಜಾಸ್ತಿ ಕಾಡುತ್ತದೆ ಅಂತ ಗಮನಿಸಿ. ಹೆಚ್ಚಾಗಿ ಸಂಜೆ, ಅದೂ ದಣಿದಾಗ, ಹಸಿದಾಗ. ಹಗಲು ಕಣ್ಣಿಗೆ ಕೆಲಸ ಇರುತ್ತದೆ, ರಾತ್ರಿ ರೂಮಿನಲ್ಲಿ ಏನಿರುತ್ತದೆ, ಅಲ್ವಾ? ಹಾಗಾಗಿ ಮೊದಲು ಊಟ, ನಿದ್ದೆ ಸರಿಮಾಡಿಕೊಳ್ಳಿ. ದೂರದ ವಿಮಾನ ಪ್ರಯಾಣವಾಗಿದ್ದರೆ, ಒಂದೊಂದು ಗಂಟೆ ಸಮಯ ವ್ಯತ್ಯಾಸಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಸುಮಾರು ಒಂದು ದಿನ ಬೇಕು. ಆ ದಿನಗಳಲ್ಲಿ ವಾಪಸ್ ಹೋಗುವ ತೀರ್ಮಾನ ಮಾಡಬೇಡಿ.

ಮನೆಗೆ ಫೋನ್ ಮಾಡಿ, ಆದರೆ ಮಲಗುವ ಮುಂಚೆ ಬೇಡ. ಫೋನ್ ಇಟ್ಟಮೇಲಿನ ಮೌನ ತುಂಬಾ ಕಷ್ಟ, ನಾನೂ ಅನುಭವಿಸಿದ್ದೇನೆ. ಬೆಳಿಗ್ಗೆ ಮಾತಾಡಿ, ಹೊರಗೆ ಹೊರಟುಬಿಡಿ. ದಿನಕ್ಕೊಂದು ಊರು ಸುತ್ತುವ ಬದಲು ಒಂದೇ ಕಡೆ ಮೂರ್ನಾಲ್ಕು ದಿನ ಇರಿ. ಅದೇ ದಾರಿಯಲ್ಲಿ ನಡೆಯಿರಿ, ಅದೇ ಜಾಗದಲ್ಲಿ ತಿಂಡಿ ತಿನ್ನಿ. ಯಾರಾದರೂ ಗುರುತು ಹಿಡಿದು ನಕ್ಕರೂ ಸಾಕು, ಮನಸ್ಸು ಹಗುರಾಗುತ್ತದೆ. ವಾರಗಟ್ಟಲೆ ಊಟ, ನಿದ್ದೆ ಸೇರದಿದ್ದರೆ ಮಾತ್ರ ವೈದ್ಯರನ್ನು ಕಾಣಿ.