ಕ್ಲಾಸ್ ಟೀಚರ್ ಮತ್ತು ಲೈಬ್ರರಿ ಟೀಚರ್ ಸೇರಿ ಪ್ರಾಜೆಕ್ಟ್ ಮಾಡಿಸುವಾಗ ಯಾರ ಕೆಲಸ ಯಾವುದು?

ಏಳನೇ ತರಗತಿಗೆ 'ನೀರು' ಅಂತ ವಿಷಯ ಕೊಟ್ಟು ಲೈಬ್ರರಿಗೆ ಕಳಿಸಿದರೆ ಎಲ್ಲರೂ ನೆಟ್‌ನಿಂದ ಒಂದೇ ಪ್ಯಾರಾ ಕಾಪಿ ಮಾಡಿ ತರ್ತಾರೆ, ಲೈಬ್ರರಿಯವರ ಜೊತೆ ಕೆಲಸ ಹೇಗೆ ಹಂಚಿಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಶಾಲಾ ಲೈಬ್ರರಿಯಲ್ಲೇ ಕೆಲಸ ಮಾಡುವವಳು. ನನ್ನ ಮೊದಲ ಸಲಹೆ: ವಿಷಯ ಗೊತ್ತುಮಾಡುವ ಮುಂಚೆಯೇ ನಿಮ್ಮ ಲೈಬ್ರರಿ ಟೀಚರನ್ನು ಕರೆದು ಕೂರಿಸಿಕೊಳ್ಳಿ. ಎಲ್ಲ ತೀರ್ಮಾನ ಆದಮೇಲೆ 'ನೀರಿನ ಪುಸ್ತಕ ತೆಗೆದಿಡಿ' ಅಂದರೆ ಅವರು ತೆಗೆದಿಡ್ತಾರೆ, ಅಷ್ಟೇ.

ಮುಂಚೆ ಕರೆದರೆ ಏನಾಗುತ್ತೆ ನೋಡಿ. ಡ್ಯೂಯಿ ಪದ್ಧತಿಯಲ್ಲಿ, ಅಂದರೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು, ಜೋಡಿಸಿದ ಲೈಬ್ರರಿಯಲ್ಲಿ ನೀರಿನ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ. ನದಿ, ಅಂತರ್ಜಲ 551ರಲ್ಲಿ. ನೀರು ಯಾರ ಪಾಲಿಗೆ ಎಷ್ಟು ಎನ್ನುವ ವಿಚಾರ 333ರಲ್ಲಿ. ಶುದ್ಧ ಮಾಡಿ ಮನೆಗೆ ತಲುಪಿಸುವ ಎಂಜಿನಿಯರಿಂಗ್ 628ರಲ್ಲಿ. ಮಕ್ಕಳನ್ನು ಈ ಮೂರೂ ಕಪಾಟಿನ ಮುಂದೆ ಓಡಾಡಿಸಿ, ಕೈಗೆ ಸಿಕ್ಕಿದ್ದನ್ನು ಸುಮ್ನೆ ತಿರುವಿಹಾಕಲಿ. ಆಗ ಒಬ್ಬಳು ಕೇಳ್ತಾಳೆ, 'ಮಳೆ ನೀರು ಪುಕ್ಕಟೆ ಬೀಳುತ್ತೆ, ನಲ್ಲಿ ನೀರಿಗೆ ಮಾತ್ರ ಯಾಕೆ ದುಡ್ಡು?' ಇದಕ್ಕೆ ಕಾಪಿ ಮಾಡಲು ರೆಡಿ ಪ್ಯಾರಾ ಸಿಗುವುದು ಕಷ್ಟ. ಮೂರು ಕಡೆಯಿಂದ ಹುಡುಕಿ ತಾನೇ ಜೋಡಿಸಬೇಕು.

ಆಮೇಲಿನದ್ದು ನಿಜವಾಗಿ ಕಷ್ಟದ ಹಂತ. ಅಮೆರಿಕದ ಗ್ರಂಥಾಲಯ ವಿಜ್ಞಾನದ ಸಂಶೋಧಕಿ ಕ್ಯಾರಲ್ ಕುಲ್ತಾವ್ 1980ರ ದಶಕದಲ್ಲಿ ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡುವಾಗ ಹೇಗೆ ಹುಡುಕುತ್ತಾರೆ, ಆಗ ಅವರಿಗೆ ಏನನ್ನಿಸುತ್ತೆ ಅಂತ ಅಧ್ಯಯನ ಮಾಡಿದರು. ವಿಷಯ ಆರಿಸಿದಾಗ ಖುಷಿ ಇರುತ್ತೆ. ಓದಲು ಶುರು ಮಾಡಿದ ಮೇಲೆ ಒಂದಕ್ಕೊಂದು ಹೊಂದದ ಮಾಹಿತಿ ಸಿಕ್ಕಿ ಗೊಂದಲ ಆಗುತ್ತೆ, ಧೈರ್ಯ ಕುಗ್ಗುತ್ತೆ. ತನ್ನ ಪ್ರಶ್ನೆ ಯಾವುದು ಅಂತ ಸ್ಪಷ್ಟವಾದ ಮೇಲೆ ಮತ್ತೆ ಧೈರ್ಯ ಬರುತ್ತೆ. ನಾವು ಸಾಮಾನ್ಯವಾಗಿ ಶುರುವಿನಲ್ಲಿ ವಿಷಯ ಕೊಡ್ತೀವಿ, ಕೊನೆಯಲ್ಲಿ ಮಾರ್ಕ್ಸ್ ಹಾಕ್ತೀವಿ, ನಡುವೆ ಮಗುವನ್ನು ಒಂಟಿಯಾಗಿ ಬಿಡ್ತೀವಿ. ಕಾಪಿ ಹೊಡೆಯೋದು ಅಲ್ಲೇ ಶುರುವಾಗುತ್ತೆ ಅನ್ನೋದು ನನ್ನ ಬಲವಾದ ನಂಬಿಕೆ. ಅದು ಸೋಮಾರಿತನ ಅಲ್ಲ, ದಿಕ್ಕು ತೋಚದೆ ಮಾಡುವ ಕೆಲಸ.

ಹಾಗಾಗಿ ಇಬ್ಬರೂ ಒಟ್ಟಿಗೆ ಇರಲೇಬೇಕಾದ ಪಿರಿಯಡ್ ಯಾವುದಾದರೂ ಇದ್ದರೆ ಅದು ನಡುವಿನದ್ದು. ಅವತ್ತು ನೋಟ್ಸ್ ಬೇಡ. ಪ್ರತಿ ಮಗುವೂ ಎರಡೇ ಸಾಲು ಬರೆಯಲಿ: ಓದಿದ್ದರಲ್ಲಿ ಆಶ್ಚರ್ಯ ಆಗಿದ್ದೇನು, ಇನ್ನೂ ಅರ್ಥ ಆಗದೇ ಇರೋದೇನು. ನೀವು ಒಂದು ಸಾಲಿನ ಮಕ್ಕಳ ಜೊತೆ ಕೂತು ಮಾತಾಡಿ, ಲೈಬ್ರರಿ ಟೀಚರ್ ಇನ್ನೊಂದು ಸಾಲಿನವರ ಜೊತೆ. ಪಾಠದ ತಿರುಳು ತಪ್ಪಾಗಿದ್ದರೆ ನಿಮ್ಮ ಕಣ್ಣಿಗೆ ಬೀಳುತ್ತೆ. ಹುಡುಕುವ ಪದ ಸರಿ ಇಲ್ಲ, ಈ ವೆಬ್‌ಸೈಟ್ ಯಾರದ್ದು, ಯಾಕೆ ನಂಬಬೇಕು ಅನ್ನೋದು ಅವರ ಕಣ್ಣಿಗೆ ಬೀಳುತ್ತೆ. ಕೆಲಸ ತಾನಾಗಿಯೇ ಹಂಚಿಹೋಗುತ್ತೆ ಅಲ್ವಾ?

ಮಾರ್ಕ್ಸ್ ಕೂಡ ಇಬ್ಬರೂ ಸೇರಿ ಹಾಕಿ. ಎಲ್ಲ ಮಾರ್ಕ್ಸ್ ಕೊನೆಯ ಚಾರ್ಟ್‌ಗೇ ಇಟ್ಟರೆ ಮಕ್ಕಳು ಚಾರ್ಟ್‌ನ ಚಂದಕ್ಕೇ ಜಾಸ್ತಿ ಹೊತ್ತು ಕೊಡ್ತಾರೆ. ಪ್ರಶ್ನೆಗೆ, ಆ ಎರಡು ಸಾಲುಗಳಿಗೆ, ಯಾವ ಮೂಲ ಯಾಕೆ ಆರಿಸಿದೆ ಅನ್ನೋದಕ್ಕೂ ಒಂದು ಪಾಲು ಇಡಿ.

ಒಂದು ಅಡ್ಡಿ ಮಾತ್ರ ನಿಮ್ಮಿಬ್ಬರ ಕೈಯಲ್ಲಿಲ್ಲ. ಬಹಳ ಶಾಲೆಗಳಲ್ಲಿ ಲೈಬ್ರರಿ ಪಿರಿಯಡ್ ಅಂದರೆ ಕ್ಲಾಸ್ ಟೀಚರ್‌ಗೆ ಬಿಡುವು. ಇಬ್ಬರೂ ಒಂದೇ ಕೋಣೆಯಲ್ಲಿರಲು ಟೈಮ್‌ಟೇಬಲ್ ಬಿಡುವುದೇ ಇಲ್ಲ. ಮುಖ್ಯ ಶಿಕ್ಷಕರ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ, ವರ್ಷಪೂರ್ತಿ ಬೇಡ, ಈ ನೀರಿನ ಪಾಠ ಮುಗಿಯುವವರೆಗೆ ಮಾತ್ರ ಪಿರಿಯಡ್ ಹೊಂದಿಸಿಕೊಡಿ ಅಂತ ಕೇಳಿ. ಹೋಗುವಾಗ ನಡುವಿನ ಪಿರಿಯಡ್‌ಗೆ ಏನು ಮಾಡ್ತೀರಿ ಅಂತ ಒಂದು ಪುಟದಲ್ಲಿ ಬರೆದು ತೆಗೆದುಕೊಂಡು ಹೋಗಿ.