ಖಂಬಾಟ್ಕಿ ಘಾಟಿನಲ್ಲಿ ಎಳೆಯದ ಸ್ಕಾರ್ಪಿಯೊ: ಮೊದಲು ಹೋಸ್ ನೋಡಿ

ಪುಣೆಯಿಂದ ಬೆಳಗಾವಿಗೆ ಹೊರಟಾಗ ಖಂಬಾಟ್ಕಿ ಘಾಟಿನಲ್ಲಿ ನಿಮ್ಮ 2010ರ ಸ್ಕಾರ್ಪಿಯೊ ಎಂಹಾಕ್ ಎಳೆಯುವುದಿಲ್ಲ, ಕಪ್ಪು ಹೊಗೆ, ಜೊತೆಗೆ ‘ಸುಸ್ಸ್’ ಶಬ್ದ ಅಂದಿದ್ದೀರಿ. ಗ್ಯಾರೇಜಿನವರು ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಬದಲಿಸಿ ಅಂದರೂ ಈಗಲೇ ಒಪ್ಪಬೇಡಿ. ಈ ಮೂರೂ ಒಟ್ಟಿಗಿದ್ದರೆ ಬೂಸ್ಟ್ ಸೋರಿಕೆಯ, ಅಂದರೆ ಟರ್ಬೊ ಒತ್ತಿದ ಗಾಳಿ ದಾರಿಯಲ್ಲೇ ಸೋರುವ ಸಂಭವವೇ ಹೆಚ್ಚು: ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿಯಾಗಿ ಹೊರಬರುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಂಪಾಗಿಸುವ ಭಾಗ), ಅಲ್ಲಿಂದ ಇನ್‌ಟೇಕ್‌ಗೆ (ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿ) ಹೋಗುವ ರಬ್ಬರ್ ಹೋಸ್‌ಗಳನ್ನು ಹಿಂಡಿ ನೋಡಿ, ಅದರಲ್ಲೂ ಬಾಗಿದ ಜಾಗದ ಅಡಿಭಾಗ. ಸೀಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ. ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಮೆತ್ತಿರುತ್ತದೆ. ಒಳಗೆ ತೆಳುವಾದ ಎಣ್ಣೆ ಪದರ ಇದ್ದರೆ ಗಾಬರಿ ಬೇಡ, ಅದು ಬ್ರೀದರ್‌ನಿಂದ (ಎಂಜಿನ್ ಒಳಗಿನ ಆವಿ ಹೊರಬಿಡುವ ಕೊಳವೆ) ಬರುವಂಥದ್ದು. ಟೇಪ್ ಸುತ್ತಿದರೆ ಘಾಟಿನಲ್ಲಿ ನಿಲ್ಲದು. ಹೋಸ್, ಕ್ಲ್ಯಾಂಪ್ ಎರಡೂ ಹೊಸದು ಹಾಕಿಸಿ.

ಹೋಸ್ ಸರಿಯಿದ್ದರೆ ಮಾತ್ರ ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ ಟರ್ಬೊ ಶಾಫ್ಟ್ (ಒಳಗೆ ತಿರುಗುವ ದಂಡ) ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಸಹಜ. ಶಾಫ್ಟ್‌ನ ಉದ್ದಕ್ಕೆ ಹಿಂದೆ-ಮುಂದೆ ಆಟ ಕೈಗೆ ತಿಳಿಯುವಷ್ಟಿದ್ದರೆ ಬೇರಿಂಗ್ ಸವೆದಿದೆ.