ವಿಡಿಯೊ ಎಡಿಟ್ ಮಾಡುವಾಗ ಕಂಪ್ಯೂಟರಿನ ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತಿದೆ, ಫ್ಯಾನ್ ಸದ್ದು ತಡೆಯಲಾಗುತ್ತಿಲ್ಲ. ಸ್ಪೀಡ್‌ಫ್ಯಾನ್ ಅನ್ನುವ ಸಾಫ್ಟ್‌ವೇರ್ ಹಾಕಿ ಫ್ಯಾನ್ ಸ್ಪೀಡ್ ಇಳಿಸಲೇ?

ದಯವಿಟ್ಟು ಈಗಲೇ ಇಳಿಸಬೇಡಿ. ಡೊಂಬಿವಲಿಯ ಮನೆ, ಐದು ವರ್ಷ ಹಳೆಯ ಇಂಟೆಲ್ ಪ್ರೊಸೆಸರ್, ಅದರ ಜೊತೆಗೇ ಬಂದ ಫ್ಯಾನ್, ಒಮ್ಮೆಯೂ ಬಿಚ್ಚಿಲ್ಲ ಅಂತ ಬರೆದಿದ್ದೀರಿ. ಶಾಖ ಹೊರಗೆ ಹೋಗುತ್ತಿಲ್ಲ, ಅದಕ್ಕೇ ಫ್ಯಾನ್ ಅಷ್ಟು ಜೋರಾಗಿ ತಿರುಗುತ್ತಿದೆ. ಫ್ಯಾನ್ ಸ್ಪೀಡ್ ಇಳಿಸಿದರೆ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋಗಿ, ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ನಿಮ್ಮ ವಿಡಿಯೊ ಎಡಿಟಿಂಗ್ ಇನ್ನೂ ತಡವಾಗುತ್ತದೆ.

ನಾನು ಇರುವುದು ಮುಂಬೈಯ ಮುಲುಂಡಿನಲ್ಲಿ, ರಸ್ತೆ ಕಡೆಗೆ ಕಿಟಕಿ. ಇದೇ ತಪ್ಪನ್ನು ನಾನೂ ಮಾಡಿದ್ದೆ. ಆರು ತಿಂಗಳು ಫ್ಯಾನ್ ಸ್ಪೀಡ್ ಇಳಿಸಿಕೊಂಡೇ ಕೆಲಸ ಮಾಡಿದೆ. ಕೊನೆಗೆ ಬಿಚ್ಚಿ ನೋಡಿದರೆ ಹೀಟ್‌ಸಿಂಕ್ (ಫ್ಯಾನ್ ಕೆಳಗಿನ, ಶಾಖ ಎಳೆಯುವ ಲೋಹದ ಭಾಗ) ಮೇಲೆ ಧೂಳು ಕಂಬಳಿ ತುಂಡಿನ ಹಾಗೆ ಕೂತಿತ್ತು. ಮುಂಬೈ ಧೂಳು ಒಣ ಧೂಳಲ್ಲ. ಮಳೆಗಾಲದ ತೇವ, ಪಕ್ಕದ ಅಡುಗೆಮನೆಯ ಒಗ್ಗರಣೆ ಜಿಡ್ಡು ಎಲ್ಲ ಸೇರಿ ಅಂಟಿಕೊಳ್ಳುತ್ತದೆ. ಸುಮ್ನೆ ಬ್ಲೋವರ್ ಹಿಡಿದರೆ ಹೋಗುವುದಿಲ್ಲ. ಅದಲ್ಲದೆ ಕೂಲರ್‌ನ, ಅಂದರೆ ಹೀಟ್‌ಸಿಂಕ್ ಮತ್ತು ಫ್ಯಾನ್ ಸೇರಿದ ಭಾಗದ, ನಾಲ್ಕು ಪಿನ್‌ಗಳಲ್ಲಿ ಒಂದು ಮದರ್‌ಬೋರ್ಡಿಗೆ ಕೂತೇ ಇರಲಿಲ್ಲ. ಜೋಡಿಸಿ ಕೊಟ್ಟ ಅಂಗಡಿಯವರು ಸರಿಯಾಗಿ ಒತ್ತಿರಲಿಲ್ಲ. ಎಲ್ಲ ಸರಿ ಮಾಡಿದ ಮೇಲೆ ಅದೇ ಕೆಲಸಕ್ಕೆ 92ರಿಂದ 71 ಡಿಗ್ರಿಗೆ ಬಂತು. ಸದ್ದು ತಾನಾಗಿಯೇ ಇಳಿಯಿತು.

ಹಾಗಾಗಿ ಮೊದಲು ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿ. ಕೂಲರ್ ತೆಗೆದು ಒಣ ಪೇಂಟ್ ಬ್ರಶ್‌ನಿಂದ ಹೀಟ್‌ಸಿಂಕ್ ಸಂದುಗಳನ್ನು ಉಜ್ಜಿ. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸುವ ಪೇಸ್ಟ್ ಇರುತ್ತದೆ; ಒಣಗಿದ ಹಳೇದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಪ್ರೊಸೆಸರ್‌ನ ಮಧ್ಯದಲ್ಲಿ ಇಡಿ. ಪಿನ್‌ಗಳನ್ನು ಎದುರುಬದುರು ಮೂಲೆಯಿಂದ ಒತ್ತಿ, ಒಂದೊಂದೂ ಟಕ್ ಅನ್ನಬೇಕು.

ಆಮೇಲೆ ಸ್ಪೀಡ್ ವಿಷಯ. ಅದನ್ನು ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಮಾಡಿ. ವಿಂಡೋಸ್ ಶುರುವಾಗದಿದ್ದರೂ, ಹ್ಯಾಂಗ್ ಆದರೂ ಅದು ಕೆಲಸ ಮಾಡುತ್ತದೆ. ಅಸೂಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಇರುತ್ತದೆ. ಅಲ್ಲಿ ಫ್ಯಾನ್ ಸ್ಪೀಡ್ ನಿಯಂತ್ರಿಸಲು ಎರಡು ವಿಧಾನ ಇರುತ್ತವೆ: ಫ್ಯಾನಿಗೆ ನಾಲ್ಕು ವೈರ್ ಇದ್ದರೆ ಪಿಡಬ್ಲ್ಯುಎಂ ಆರಿಸಿ, ಮೂರಿದ್ದರೆ ಡಿಸಿ. ಪ್ರೊಸೆಸರ್ 50 ಡಿಗ್ರಿವರೆಗೆ ಇದ್ದಾಗ ಫ್ಯಾನ್ ಸ್ಪೀಡ್ 35%, 65ಕ್ಕೆ 55%, 80ಕ್ಕೆ ಪೂರ್ತಿ 100% ಇಟ್ಟು ನೋಡಿ. ಕಿವಿಗೆ ಹಿಂಸೆ ಕೊಡುವುದು ಸದ್ದಿಗಿಂತ ಅದು ಏರುತ್ತಾ ಇಳಿಯುತ್ತಾ ಇರುವುದು, ಅಲ್ವಾ? ಅಲ್ಲೇ ಸ್ಟೆಪ್ ಅಪ್ ಟೈಮ್ ಅಥವಾ ಅಂಥ ಹೆಸರಿನ ಆಯ್ಕೆ ಇದ್ದರೆ ಮೂರ್ನಾಲ್ಕು ಸೆಕೆಂಡ್ ಮಾಡಿ. ಆಗ ಬ್ರೌಸರ್ ತೆಗೆದ ಕೂಡಲೇ ಫ್ಯಾನ್ ಕಿರುಚುವುದು ನಿಲ್ಲುತ್ತದೆ.

ನೀವು ಹೇಳಿದ ಸ್ಪೀಡ್‌ಫ್ಯಾನ್‌ಗೆ ಹಲವು ವರ್ಷಗಳಿಂದ ಹೊಸ ಆವೃತ್ತಿ ಬಂದಿಲ್ಲ. ಟೆಂಪರೇಚರ್ ನೋಡಲು ಎಚ್‌ಡಬ್ಲ್ಯುಇನ್ಫೊ ಅನ್ನುವ ಸಾಫ್ಟ್‌ವೇರ್ ಸಾಕು.

ಇನ್ನೊಂದು ಮಾತು. ಫ್ಯಾನ್ ಊದುವುದು ರೂಮಿನ ಗಾಳಿಯನ್ನೇ. ಮೇ ತಿಂಗಳಲ್ಲಿ ರೂಮೇ 34 ಡಿಗ್ರಿ ಇದ್ದರೆ ಜನವರಿಗಿಂತ ಏಳೆಂಟು ಡಿಗ್ರಿ ಜಾಸ್ತಿ ತೋರಿಸಬಹುದು. ಎಸಿ ರೂಮಿನವರ ಅಂಕಿ ನೋಡಿ ಗಾಬರಿಯಾಗಬೇಡಿ.

ಇಷ್ಟೆಲ್ಲ ಆದ ಮೇಲೂ 85 ದಾಟಿದರೆ ಟವರ್ ಕೂಲರ್ (ಎತ್ತರದ, ದೊಡ್ಡ ಹೀಟ್‌ಸಿಂಕ್ ಇರುವ ಕೂಲರ್) ಬೇಕು. ಕೊಳ್ಳಲು ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮೊದಲು ಮದರ್‌ಬೋರ್ಡಿನಿಂದ ಪಕ್ಕದ ಬಾಗಿಲಿಗೆ ಎಷ್ಟು ಮಿಲಿಮೀಟರ್ ಜಾಗ ಇದೆ ಅಂತ ಅಳೆದು ಇಲ್ಲಿ ಬರೆಯಿರಿ. ಯಾವುದು ಹಿಡಿಸುತ್ತದೆ ಅಂತ ನೋಡಿ ಹೇಳುತ್ತೇನೆ.